ಪೂಜೆ ಮುಗಿಸಿ ಹಂದಿ ದೊಡ್ಡಿಗೆ

ಮದುವೆಯ ಹಿಂದಿನ ದಿನ ನಮ್ಮ ಯಜಮಾನರು ಮೂರು ಸಲ ಸ್ನಾನ ಮಾಡಿದರು. ಮದುವೆ ಅವರದಲ್ಲ, ಅವರ ಅಣ್ಣ ವೀರಯ್ಯನವರ ಮಗಳದು. ನಾವು ಹಂದಿ ಸಾಕಲು ಶುರು ಮಾಡಿದ ಮೇಲೆ ಆ ಮನೆಯಿಂದ ಬಂದ ಮೊದಲ ಕರೆ ಅದು.

ಯಜಮಾನರ ಹೆಸರು ಮಹಾದೇವಯ್ಯ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ. ಮೊಟ್ಟೆ ಹಾಕಿದ್ದಾರೆ ಅಂತ ಕೇಕನ್ನೂ ಮುಟ್ಟಿದವರಲ್ಲ. ಹೊಂಗಡಹಳ್ಳದ ರಸ್ತೆಯಲ್ಲಿ ನಮ್ಮದೊಂದು ತುಂಡು ಕಾಫಿ ತೋಟ, ಅದರ ಕೆಳಗೆ ದೊಡ್ಡಿ. ಕಾಫಿ ಕೈಕೊಟ್ಟ ವರ್ಷ ಕೋಳಿ ಸಾಕುವ ತರಬೇತಿಗೆ ಅಂತ ಹಾಸನಕ್ಕೆ ಹೋದರು. ದಿನ ತಪ್ಪಿ ಹೋಗಿದ್ದರು. ಅವತ್ತು ಅಲ್ಲಿ ಹಂದಿಯ ಪಾಠ ನಡೆಯುತ್ತಿತ್ತು. ಮಧ್ಯಾಹ್ನ ಊಟ ಕೊಡುತ್ತಾರೆ ಅಂತ ಕುಳಿತುಕೊಂಡರು. ಊಟ ಚೆನ್ನಾಗಿರಲಿಲ್ಲವಂತೆ. ಪಾಠ ಚೆನ್ನಾಗಿತ್ತಂತೆ.

ನೆಂಟರು ನಮ್ಮ ಮನೆಯ ನೀರು ಬಿಟ್ಟರು. ಗೊಬ್ಬರ ಬಿಡಲಿಲ್ಲ. ವರ್ಷ ವರ್ಷ ಹಂದಿ ಗೊಬ್ಬರ ಮೂಟೆಗಟ್ಟಲೆ ಅವರ ತೋಟಕ್ಕೆ ಹೋಗುತ್ತಿತ್ತು. ಅವರ ಕಾಫಿ ಗಿಡಕ್ಕೆ ಮಡಿ ಇರಲಿಲ್ಲ.

ಮಡಿಯ ಲೆಕ್ಕಕ್ಕೆ ನಾನೂ ದೊಡ್ಡಿಯೊಳಗೆ ಕಾಲಿಡುತ್ತಿರಲಿಲ್ಲ. ಇಬ್ಬರಲ್ಲಿ ಒಬ್ಬರಾದರೂ ನೆಂಟರ ಮನೆಗೆ ಹೋಗುವ ಹಾಗಿರಬೇಕು ಅಂತ ನಮ್ಮಿಬ್ಬರ ಒಪ್ಪಂದ. ಹೋಟೆಲಿನಿಂದ ತಂದ ಮುಸುರೆ ಬೇಯಿಸಿ ಬಾಗಿಲಿಗೆ ಇಡುವುದು ನನ್ನ ಕೆಲಸ. ಒಳಗಿನದೆಲ್ಲ ಅವರದು. ಸಂಜೆ ಸ್ನಾನ ಮಾಡಿ ಬಂದು, ಯಾವ ಮರಿ ಯಾವ ಮೊಲೆ ಹಿಡಿಯಿತು, ಯಾವುದಕ್ಕೆ ರಕ್ತ ಕಡಿಮೆ, ಯಾವುದಕ್ಕೆ ಇಂಜೆಕ್ಷನ್ ಕೊಟ್ಟೆ, ಎಲ್ಲ ಹೇಳುತ್ತಿದ್ದರು. ನಾನು ಹ್ಞೂಂ ಅನ್ನುತ್ತಾ ಅಕ್ಕಿ ಆರಿಸುತ್ತಿದ್ದೆ. ನಮಗೆ ಮಕ್ಕಳಿಲ್ಲ. ಬಾಣಂತನದ ಮಾತು ಈ ಮನೆಯಲ್ಲಿ ನಡೆದಿದ್ದು ಹಂದಿಯದೇ.

ಹೊರಗಿನಿಂದ ತಂದ ಗಂಡು ಹಂದಿಗೆ ಅವರು ಅಳಿಯ ಅನ್ನುತ್ತಿದ್ದರು. ಯಾಕೆ ಅಂತ ಕೇಳಿದ್ದಕ್ಕೆ, "ಕೂತ್ಕೊಂಡು ತಿಂತಾನೆ, ಕರುದ್ರೆ ಮಾತ್ರ ಏಳ್ತಾನೆ. ಇನ್ನೇನನ್ನಾನ?" ಅಂದಿದ್ದರು. ಮೊದಲ ಅಳಿಯನನ್ನು ಮಾಂಸದವರಿಗೆ ಕೊಡಲು ಮನಸ್ಸು ಬರದೆ ಇಟ್ಟುಕೊಂಡರು. ಅವನು ಹುಟ್ಟಿಸಿದ ಹೆಣ್ಣುಮರಿಗಳೇ ಬೆಳೆದು ನಿಂತವು. ಮರಿಗಳು ಸೊಟ್ಟಗೆ, ಸಣ್ಣಗೆ ಹುಟ್ಟತೊಡಗಿದವು. ದನದ ಡಾಕ್ಟರು ನೋಡಿ, "ಏನ್ ಅಯ್ಯನೋರೆ, ಅಪ್ಪಂಗೇ ಮಗಳನ್ನ ಕೊಟ್ಟಿದ್ದೀರಲ್ಲ" ಅಂದರು. ಯಜಮಾನರು ಶಿವ ಶಿವ ಅಂತ ತಲೆಗೆ ನೀರು ಹಾಕಿಕೊಂಡರು. ಊರಿನ ಮದುವೆಗಳಿಗೆಲ್ಲ ಬೆಡಗು, ಅಂದರೆ ಗೋತ್ರ, ಕೇಳಿ, ಒಂದೇ ಬೆಡಗಾದರೆ ಆಗುವುದಿಲ್ಲ ಅಂತ ಎದ್ದು ಬರುತ್ತಿದ್ದ ಮನುಷ್ಯ ಇವರು. ದೊಡ್ಡಿಯಲ್ಲಿ ಮಾತ್ರ ಕೇಳುವುದು ಮರೆತಿದ್ದರು. ಆಮೇಲೆ ಮರಿಗಳ ಕಿವಿಗೆ ಗುರುತು ಹಾಕಿದರು. ದೋಣಿಗಲ್ ಕಡೆಯಿಂದ ಬೇರೆ ಅಳಿಯ ಬಂದ.

ಅವನಿಂದ ಬಸಿರಾದವಳು ದೊಡ್ಡಕ್ಕ, ದೊಡ್ಡಿಯ ಹಿರಿಯ ಹಂದಿ. ಮದುವೆಯ ಹಿಂದಿನ ದಿನ ಅವಳನ್ನು ಬಿಸಿನೀರಲ್ಲಿ ತೊಳೆದರು. ಮೊಲೆ ಹಿಂಡಿ ನೋಡಿದರು. ಹಾಲು ಇಳಿದಿರಲಿಲ್ಲ. ಗೋಡೆಗೆ ಪೈಪು ಅಡ್ಡ ಕಟ್ಟಿದರು, ತಾಯಿ ಮಲಗುವಾಗ ಮರಿ ಅಡಿಗೆ ಸಿಕ್ಕಿ ಅಪ್ಪಚ್ಚಿಯಾಗಬಾರದಲ್ಲ. ಒಣಹುಲ್ಲು ಹಾಸಿದರು. ಬುಟ್ಟಿಯ ಮೇಲೆ ಬಲ್ಬು ಇಳಿಬಿಟ್ಟರು. ಹೊಕ್ಕುಳು ಕಟ್ಟುವ ದಾರವನ್ನು ಲೋಟದ ಔಷಧಿಯಲ್ಲಿ ನೆನೆಸಿ ಮುಚ್ಚಿಟ್ಟರು.

"ಇನ್ನೂ ಮೂರ್ನಾಕು ದಿನ ಐತೆ. ಮದುವೆ ಊಟ ಮಾಡ್ಕಂಡು ಬತ್ತೀನಿ. ಅಲ್ಲಿತಂಕ ತಡ್ಕೊ ತಾಯಿ," ಅಂದರು.

"ನಂಗೆ ಯಾವತ್ತಾದ್ರೂ ಇಷ್ಟು ಹೇಳಿ ಹೋಗಿದ್ದೀರಾ?" ಅಂದೆ.

"ನೀನೂ ಮದುವೆಗೆ ಬತ್ತೀಯಲ್ಲೇ. ಅವಳು ಬರಾಕಿಲ್ಲ," ಅಂದರು.

ಆಲೂರಿನ ಛತ್ರದಲ್ಲಿ ಹೊಸ ಪಂಚೆ ಉಟ್ಟು ಕೊನೆಯ ಸಾಲಿನಲ್ಲಿ ಊಟಕ್ಕೆ ಕುಳಿತರು. ಹೋಳಿಗೆ ಬಡಿಸುವ ಹೊತ್ತಿಗೆ ತಲೆ ಬಗ್ಗಿಸಿದರು. ಪ್ರಾಣ ಹೋಗಿದೆ ಅಂತ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಪಕ್ಕದವರು ಮೊದಲೇ ದೂರ ಸರಿದು ಕುಳಿತಿದ್ದರು.

ಇಷ್ಟು ವರ್ಷ ಹಂದಿಯ ಜೊತೆ ಇದ್ದವರಿಗೆ ಏನೂ ಆಗಿರಲಿಲ್ಲ. ನೆಂಟರ ಜೊತೆ ಒಂದು ಊಟಕ್ಕೆ ಕುಳಿತರು, ಎದೆ ನಿಂತಿತು.

ಸತ್ತ ಮೇಲೆ ಎಲ್ಲರೂ ಮುಟ್ಟಿದರು. ಕೂರಿಸಿ, ವಿಭೂತಿ ಹಚ್ಚಿ, ಹೆಗಲು ಕೊಟ್ಟು, ತೋಟದಲ್ಲೇ ಮಣ್ಣು ಮಾಡಿದರು. ವೀರಯ್ಯ ಭಾವ ಅತ್ತರು. ಸುಳ್ಳು ಅಳುವಲ್ಲ. ಅತ್ತು ಮುಗಿಸಿ, ದೊಡ್ಡಿಯ ಕಡೆ ನೋಡಿದರು.

"ಸುಲೋಚನಾ, ತಮ್ಮನ ಗಣಾರಾಧನೆ ಊಟಕ್ಕೆ ಮಠದ ಅಯ್ಯನೋರು ಬರ್ಬೇಕು. ಅಷ್ಟರಲ್ಲಿ ಇವನ್ನ ಸಾಗಿಸ್ಬುಡನ. ಆಮ್ಯಾಕೆ ನೀನು ನಮ್ಮನೆಗೆ ಬಂದ್ಬುಡು. ಅಡುಗೆಮನೆ ಪಕ್ಕ ಕೋಣೆ ಐತೆ."

ನಮ್ಮಲ್ಲಿ ಸೂತಕ ಇಲ್ಲ ಅಂತ ದೊಡ್ಡವರು ಹೇಳುತ್ತಾರೆ. ಹಂದಿಗೆ ಮಾತ್ರ ಇದೆ ಅಂತ ಅವತ್ತು ತಿಳಿಯಿತು. ಇನ್ನೊಂದೂ ತಿಳಿಯಿತು. ದೊಡ್ಡಿ ಹೋದರೆ ನನ್ನ ಪಾಲಿಗೆ ಉಳಿಯುವುದು ಇನ್ನೊಬ್ಬರ ಒಲೆ. ನಾನು ಹ್ಞೂಂ ಅನ್ನಲಿಲ್ಲ, ಊಹ್ಞೂಂ ಅನ್ನಲಿಲ್ಲ. ಗಂಡ ಸತ್ತವಳು ಸುಮ್ಮನಿದ್ದರೆ ಒಪ್ಪಿದಳು ಅಂತಲೇ ಲೆಕ್ಕ.

ಮಾರನೇ ಬೆಳಿಗ್ಗೆ ಭಾವ ಪಿಕಪ್ ತಂದೇ ಬಿಟ್ಟರು. ಆಗಲೇ ಎಸ್ಟೇಟಿನ ಕೂಲಿ ಲೈನಿನಿಂದ ಕಸ ಬಳಿಯಲು ಬರುವ ಚಿನ್ನಮ್ಮ ದೊಡ್ಡಿಯಿಂದ ಕೂಗಿದಳು.

"ಅಕ್ಕಾ, ದೊಡ್ಡಕ್ಕ ಹುಲ್ಲು ಕಚ್ಕಂಡು ಗೂಡು ಮಾಡ್ತಾವ್ಳೆ. ಹಾಲು ಸೋರ್ತೈತೆ. ಇವತ್ತೇ ಕಣಕ್ಕ."

"ಹತ್ತಿಸ್ರಿ. ದಾರೀಲಿ ಈಯ್ತದೆ," ಅಂದರು ಭಾವ.

"ಈಯದು ಅಂದ್ರೇನು, ಹತ್ತಿದ್ಮೇಲೆ ದಾರೀಲಿ ತಗಳ ಬಸ್ಸಿನ ಟಿಕೀಟ?" ಅಂದಳು ಚಿನ್ನಮ್ಮ.

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ಹೋದೆ. ಇನ್ನು ಯಾವ ಮದುವೆಗೆ ಕರೆಯುತ್ತಾರೆ ಅಂತ ಮಡಿ ಇಟ್ಟುಕೊಳ್ಳಲಿ?

ಮೊದಲನೆಯದು ಜಾರಿ ಬಂತು. ಕೈಗೆ ಗೊತ್ತಿರಲಿಲ್ಲ. ಕಿವಿಗೆ ಗೊತ್ತಿತ್ತು. ಅಕ್ಕಿ ಆರಿಸುವಾಗ ಕೇಳಿದ್ದೆಲ್ಲ ಒಂದೊಂದಾಗಿ ಬಂತು. ಮೊದಲು ಮೂಗು, ಬಾಯಿ ಒರೆಸು. ಆಮೇಲೆ ಹೊಕ್ಕುಳು ಕಟ್ಟು, ಕತ್ತರಿಸು, ಔಷಧಿ ಹಚ್ಚು. ದಾರ ಲೋಟದಲ್ಲಿ ಹಾಗೇ ಇತ್ತು. ಅವರು ಕತ್ತರಿಸಿಟ್ಟ ಅಳತೆಯಲ್ಲೇ ಇತ್ತು. ಅವರು ಸತ್ತ ದಿನ ನಾನು ಇಷ್ಟು ಅತ್ತಿರಲಿಲ್ಲ.

ಮರಿಗಳು ಒಂದರ ಹಿಂದೊಂದು ಬಂದವು. ಇಡಲು ಕೈ ಸಾಲಲಿಲ್ಲ. ಬಾಗಿಲಲ್ಲಿ ಮೂಗಿಗೆ ಶಲ್ಯ ಹಿಡಿದು ಭಾವ ನಿಂತಿದ್ದರು.

"ಭಾವ, ಬುಟ್ಟಿ ಹಿಡೀರಿ."

"ನಾನಾ?"

"ಶಲ್ಯ ಬುಟ್ರೆ ಎರಡು ಕೈ ಖಾಲಿ ಅವೆ ನಿಮಗೆ."

ಹಿಡಿದರು. ಯಾಕೆ ಹಿಡಿದರೋ ಗೊತ್ತಿಲ್ಲ. ಒಂದು ಮರಿ ಉಸಿರಿಲ್ಲದೆ ಬಿತ್ತು. ನಾನು ಹಿಂಗಾಲು ಹಿಡಿದು ತಲೆಕೆಳಗೆ ಮಾಡಿ ಬೆನ್ನು ತಿಕ್ಕಿದೆ. ಭಾವ ಮೂಗು ಮುಚ್ಚುವುದನ್ನೂ ಮರೆತು ಬಗ್ಗಿ ನೋಡಿದರು. ಅದು ಕೀ ಅಂದಿತು.

"ಬದುಕ್ತು ಕಣಮ್ಮ," ಅಂದರು. ಆಮೇಲೆ ಯಾರಾದರೂ ಕೇಳಿಸಿಕೊಂಡರೇನೋ ಅಂತ ಹಿಂದೆ ನೋಡಿದರು. ಚಿನ್ನಮ್ಮ ಕೇಳಿಸಿಕೊಂಡಿದ್ದಳು.

ಬಡಕಲು ಮರಿಗಳನ್ನು ಮುಂದಿನ ಮೊಲೆಗೆ ಹಿಡಿಸಿದೆ. ಮುಂದೆ ಹಾಲು ಜಾಸ್ತಿ. ಮೊದಲು ಹಿಡಿದ ಮೊಲೆಯನ್ನು ಮರಿ ಕೊನೆಯವರೆಗೂ ಬಿಡುವುದಿಲ್ಲ. ಇನ್ನೊಂದರ ಜಾಗಕ್ಕೆ ಹೋಗುವುದೂ ಇಲ್ಲ. ಇದನ್ನು ಯಜಮಾನರು ಹೇಳಿ, "ಆಸ್ತಿ ಭಾಗ ಮಾಡೋರು ಬಂದು ನೋಡ್ಬೇಕು," ಅನ್ನುತ್ತಿದ್ದರು. ಬಂದಿದ್ದರು. ಬುಟ್ಟಿ ಹಿಡಿದು ನಿಂತಿದ್ದರು.

ಕೈ ತೊಳೆದು ಹೇಳಿದೆ. "ಭಾವ, ನಾನು ಬರಲ್ಲ. ಇವೂ ಬರಲ್ಲ. ಗಣಾರಾಧನೆ ನಿಮ್ಮನೇಲೇ ಮಾಡ್ಸಿ. ನಾನು ಸ್ನಾನ ಮಾಡ್ಕಂಡು ಬತ್ತೀನಿ."

ಪಿಕಪ್ ಡ್ರೈವರ್ ಹಾರನ್ ಹೊಡೆದ. ಭಾವ ಪಿಕಪ್ಪನ್ನೂ ನೋಡಿದರು, ಗೊಬ್ಬರದ ರಾಶಿಯನ್ನೂ ನೋಡಿದರು.

"ಬಾಡಿಗೆ ಹೆಂಗೂ ಕೊಡ್ಬೇಕು," ಅಂದರು. "ಖಾಲಿ ಯಾಕೆ ಹೋಗ್ಬೇಕು?"

ಗೊಬ್ಬರ ತುಂಬಿಸಿಕೊಂಡು ಹೋದರು. ಗಣಾರಾಧನೆ ಅವರ ಮನೆಯಲ್ಲೇ ಚೆನ್ನಾಗಿ ನಡೆಯಿತು. ಊಟವಾದ ಮೇಲೆ ಅಯ್ಯನವರು ನನ್ನನ್ನು ಪಕ್ಕಕ್ಕೆ ಕರೆದು, ಮೆಣಸಿನ ಬಳ್ಳಿಗೆ ಹಂದಿ ಗೊಬ್ಬರ ಒಳ್ಳೇದಂತಲ್ಲ, ಹೌದಾ ಅಂತ ಕೇಳಿದರು. ಹೌದು ಅಂದೆ.

ಮರಿಗಳು ತಾಯಿಯನ್ನು ಬಿಟ್ಟವು. ಹಾಲು ಬಿಡಿಸಿದ ಮೇಲೆ ಹೆಣ್ಣು ಮತ್ತೆ ಬೆದೆಗೆ ಬರುತ್ತದೆ. ಅದನ್ನು ತಿಳಿಯಲು ದಿನಾ ಬೆಳಿಗ್ಗೆ ಸೊಂಟದ ಮೇಲೆ ಎರಡು ಕೈ ಊರಿ ಒತ್ತಿ ನೋಡಬೇಕು. ಕಿವಿ ನಿಗುರಿಸಿ ಅಲ್ಲಾಡದೆ ನಿಂತರೆ ಅಳಿಯನನ್ನು ಬಿಡಬಹುದು. ಯಜಮಾನರು ಒತ್ತುವಾಗ ಮುಖ ಆ ಕಡೆ ತಿರುಗಿಸಿ, "ತಪ್ಪು ತಿಳ್ಕಬ್ಯಾಡ ತಾಯಿ," ಅನ್ನುತ್ತಿದ್ದರಂತೆ. ಚಿನ್ನಮ್ಮ ಹೇಳಿ ನಗುತ್ತಾಳೆ. ಸಂಜೆ ನನಗೆ ಎಲ್ಲ ಹೇಳುತ್ತಿದ್ದ ಮನುಷ್ಯ ಅದೊಂದನ್ನು ಹೇಳಿರಲಿಲ್ಲ.

ಈಗ ಬೆಳಿಗ್ಗೆ ಪೂಜೆ ಮುಗಿಸಿ ನಾನೇ ದೊಡ್ಡಿಗೆ ಇಳಿಯುತ್ತೇನೆ. ದೊಡ್ಡಕ್ಕನ ಸೊಂಟದ ಮೇಲೆ ಕೈ ಊರುತ್ತೇನೆ. ಹೆಂಗಸಿಗೆ ಹೆಂಗಸು, ಮುಖ ತಿರುಗಿಸುವ ಅಗತ್ಯವಿಲ್ಲ. ಆದರೂ ತಿರುಗಿಸುತ್ತೇನೆ. ಆ ಕಡೆ ತೋಟದಲ್ಲಿ ಅವರ ಸಮಾಧಿಯ ಮಣ್ಣು ಕಾಣುತ್ತದೆ. ತಪ್ಪು ತಿಳ್ಕಬ್ಯಾಡ ತಾಯಿ ಅಂತ ಹೇಳಿ, ಒತ್ತುತ್ತೇನೆ.