ಅಕ್ಕನನ್ನು ಮಲೆಯಲ್ಲಿ ಬಿಟ್ಟು ಬಂದ ದಿನ

ಅಕ್ಕ ಮಲೆಯಲ್ಲಿ ಜಾರಿ ಬಿದ್ದಳು ಎಂದು ನಮ್ಮ ಮನೆಯಲ್ಲಿ ಈಗಲೂ ಹೇಳುತ್ತಾರೆ. ಬಿದ್ದದ್ದು ನಿಜ. ಆಮೇಲೆ ನಡೆದದ್ದನ್ನು ಮಾತ್ರ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ನನ್ನ ಸಿಟ್ಟು ಇರುವುದು ಅಲ್ಲಿ.

ಅರವತ್ತರ ದಶಕದ ಮೊದಲ ವರ್ಷಗಳು. ನಾನಿನ್ನೂ ಹೈಸ್ಕೂಲಿನಲ್ಲಿದ್ದೆ. ಅಕ್ಕನಿಗೆ ಆ ಬೇಸಿಗೆಯಲ್ಲಷ್ಟೇ ಮದುವೆಯಾಗಿತ್ತು. ಭಾವನಿಗೆ ಪುತ್ತೂರಿನಲ್ಲಿ ಸರಕಾರಿ ಕೆಲಸ. ಕೆಟ್ಟವರೇನಲ್ಲ, ಮುಂದೆ ನನ್ನನ್ನು ಕಾಲೇಜಿಗೆ ಕಳುಹಿಸಲೇಬೇಕೆಂದು ಅಪ್ಪನ ಹತ್ತಿರ ವಾದ ಮಾಡಿದವರು ಅವರೇ. ಆದರೆ ಹಿಡಿದ ಹಟ ಬಿಡುವವರಲ್ಲ. ನವರಾತ್ರಿ ಕಳೆದು ಇಬ್ಬರೂ ಪಂಜದ ನಮ್ಮ ಮನೆಗೆ ಬಂದಾಗ, ಮನೆಯ ಹಿಂದಿನ ಮಲೆ ಹತ್ತಿ ಬರೋಣ ಎಂದು ಅಣ್ಣನನ್ನೂ ಅಕ್ಕನನ್ನೂ ನನ್ನನ್ನೂ ಹೊರಡಿಸಿದರು.

ಬೆತ್ತಕ್ಕೆ, ಸೌದೆಗೆ ಹೋಗುವವರು ತುಳಿದು ಮಾಡಿದ ದಾರಿ ಅದು. ನಮ್ಮ ಗದ್ದೆಯ ಬದಿಯಿಂದ ಹತ್ತಿ, ನೆತ್ತಿಯ ಹುಲ್ಲುಬಯಲನ್ನು ಸುತ್ತಿ, ಆಚೆ ಮಗ್ಗುಲಲ್ಲಿ ಹರಿಯುವ ತೋಡಿನ ಅಂಚಿಗೆ ಇಳಿದು ಮತ್ತೆ ನಮ್ಮ ಗದ್ದೆಗೇ ಬಂದು ಸೇರುತ್ತಿತ್ತು. ಮಳೆ ಬಿಟ್ಟು ಬಿಸಿಲು ಬಂದಿದ್ದರೂ ತರಗೆಲೆಯ ಅಡಿ ಇನ್ನೂ ಪಸೆ ಆರಿರಲಿಲ್ಲ. ಜಿಗಣೆಗಳಿದ್ದವು. ಅಕ್ಕ ಸೀರೆ ಎತ್ತಿ ಸಿಕ್ಕಿಸಿ ಎಲ್ಲರಿಗಿಂತ ಮುಂದೆ ಹೋಗುತ್ತಿದ್ದಳು. ಮಂಗಟ್ಟೆ ಹಕ್ಕಿ ರೆಕ್ಕೆ ಬೀಸುವ ಸದ್ದು ಕೇಳಿದಾಗಲೆಲ್ಲ ನಿಂತು ಕತ್ತೆತ್ತುತ್ತಿದ್ದಳು. ಮದುವೆಯಾದ ಮೇಲೆ ಅವಳನ್ನು ಅಷ್ಟು ಖುಷಿಯಲ್ಲಿ ನಾನು ಕಂಡಿರಲಿಲ್ಲ.

ನೆತ್ತಿಗೆ ಸ್ವಲ್ಪ ಕೆಳಗೆ, ಪಾಚಿ ಕಟ್ಟಿದ ಬಂಡೆಯ ಮೇಲೆ ಅವಳ ಕಾಲು ಜಾರಿತು. ಪಾದದ ಗಂಟು ಮಡಚಿಕೊಂಡು ನೋಡುತ್ತಿದ್ದಂತೆ ಬಾತಿತು.

"ಇದಕ್ಕೇ ಹೆಂಗಸರನ್ನು ಕರ್ಕೊಂಡು ಬರ್ಲಿಕ್ಕಿಲ್ಲ ಹೇಳುದು," ಎಂದರು ಭಾವ. ಕಾಲು ಮುಟ್ಟಿ ಕೂಡ ನೋಡಲಿಲ್ಲ.

"ಒಟ್ಟಿಗೇ ಇಳಿಯುವ," ಎಂದಳು ಅಕ್ಕ. "ಮಳೆ ಬರುವ ಹಾಗೆ ಉಂಟು. ನಮ್ಮನ್ನು ಬಿಟ್ಟು ಹೋಗ್ಬೇಡಿ."

"ತುದಿ ಇಲ್ಲೇ ಉಂಟಲ್ಲ ಮಾರಾಯ್ತಿ! ನೋಡಿ ಈಗ ಬಂದೆವು. ನೀವಿಬ್ಬರು ಕೂತಿರಿ."

ಅಣ್ಣ ಅಕ್ಕನ ಮುಖ ನೋಡಿದ. ಭಾವನ ಮುಖ ನೋಡಿದ. ಆಮೇಲೆ ಭಾವನ ಹಿಂದೆಯೇ ಹೋದ.

ನಾವು ಕಾದೆವು. ಬಿಸಿಲು ವಾಲಿತು. ಘಟ್ಟದ ಕಡೆಯಿಂದ ಮೋಡ ಕಪ್ಪಗೆ ಎದ್ದು ಬಂತು. ಕೂ ಹಾಕಿದೆ, ಗಂಟಲು ಹರಿಯುವ ಹಾಗೆ ಕೂಗಿದೆ. ಕಾಡು ಸುಮ್ಮನಿತ್ತು. ಮೊದಲ ಗುಡುಗು ಬಿದ್ದಾಗ ಅಕ್ಕನ ಕೈಯನ್ನು ನನ್ನ ಹೆಗಲಿಗೆ ಹಾಕಿಕೊಂಡು ಎಬ್ಬಿಸಿದೆ.

ಹತ್ತಿದ ದಾರಿಯಲ್ಲೇ ಇಳಿದೆವು. ಕಡಿದಾದ ಕಡೆ ಕುಂಡೆ ಊರಿ ಜಾರಿದೆವು. ಮಳೆಯ ಹೊಡೆತಕ್ಕೆ ದಾರಿಯೇ ನೀರಿನ ತೋಡಾಯಿತು. ಬಾತ ಕಾಲಿಗೆ ಜಿಗಣೆಗಳು ಕಚ್ಚಿದ್ದವು. ಅಕ್ಕ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಒಂದೊಂದೇ ಹೆಜ್ಜೆ ಇಡುತ್ತಿದ್ದಳು. ಒಂದು ಕಡೆ ಬಿದಿರು ಮೆಳೆಯೊಳಗೆ ಏನೋ ಭಾರವಾದದ್ದು ನುಗ್ಗಿದ ಸದ್ದಾಯಿತು. ಕಾಡುಕೋಣವೋ ಏನೋ, ಕಣ್ಣಿಗೆ ಕಾಣಲಿಲ್ಲ.

"ನೀನು ಓಡು. ನನ್ನನ್ನು ಇಲ್ಲೇ ಬಿಡು," ಎಂದಳು ಅಕ್ಕ.

"ಬಿಟ್ಟು ಹೋಗ್ಲಿಕ್ಕೆ ನಾನು ಭಾವ ಅಲ್ಲ," ಎಂದೆ.

ಅವಳು ನನ್ನ ಹೆಗಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

ಮುಸ್ಸಂಜೆಗೆ ಮನೆಯ ಅಂಗಳ ತಲುಪಿದೆವು. ಜಗಲಿಯಲ್ಲಿ ಭಾವ ಒಣ ಪಂಚೆ ಉಟ್ಟು ಕಾಫಿ ಕುಡಿಯುತ್ತಿದ್ದರು. ಅಣ್ಣ ಟವೆಲಿನಲ್ಲಿ ತಲೆ ಒರೆಸಿಕೊಳ್ಳುತ್ತಿದ್ದ. ತೋಡಿನ ಕಡೆಯಿಂದ ಇಳಿದರೆ ಹತ್ತಿರವೆಂದು ಭಾವ ಹೇಳಿದರಂತೆ, ನಾವು ಹೇಗೂ ಮನೆಗೆ ಬಂದಿರುತ್ತೇವೆಂದು ಇವನೂ ನಂಬಿದನಂತೆ.

"ಎಂತ, ಇಷ್ಟು ತಡ ಮಾಡಿದ್ದು?" ಎಂದರು ಭಾವ.

ಅಮ್ಮ ಅಕ್ಕನ ಕಾಲು ನೋಡಿ ಕಿರುಚಿದಳು. "ಇಂಥ ಕಾಲಲ್ಲಿ ಬಿಟ್ಟು ಬಂದದ್ದಾ ಇವಳನ್ನು?"

"ನೀವು ಹೋಗಿ ಅಂತ ನಾನೇ ಹೇಳಿದ್ದು ಅಮ್ಮಾ," ಎಂದಳು ಅಕ್ಕ.

ನನ್ನ ಮೈಯೆಲ್ಲ ಉರಿಯಿತು. ಮಲೆಯ ಮೇಲೆ ಕೂಡ ನನಗೆ ಅಷ್ಟು ಸಿಟ್ಟು ಬಂದಿರಲಿಲ್ಲ. "ಸುಳ್ಳು! ಹೋಗ್ಬೇಡಿ ಹೇಳಿದ್ದಾಳೆ. ಕೇಳಿಸಿಕೊಂಡೇ ಹೋದದ್ದು ಇವರು. ಅಣ್ಣನೂ ಇದ್ದ, ಕೇಳಿ ಅವನ ಹತ್ತಿರ!"

ಅಣ್ಣ ಟವೆಲಿನೊಳಗೆ ಮುಖ ಇಟ್ಟುಕೊಂಡ.

"ಬಾಯಿ ಮುಚ್ಚು," ಎಂದರು ಅಪ್ಪ. "ಭಾವನ ಹತ್ತಿರ ಹೀಗೆ ಮಾತಾಡುದಾ? ತಪ್ಪಾಯ್ತು ಹೇಳು."

"ಹೇಳುದಿಲ್ಲ."

ಅಪ್ಪ ಕೈ ಎತ್ತಿದರು. ಅಮ್ಮ ನಡುವೆ ಬಂದಳು. ನಾನು ಊಟ ಮಾಡದೆ ಅಕ್ಕನ ಕಾಲಿಗೆ ಬಿಸಿನೀರಿನ ಶಾಖ ಕೊಡುತ್ತಾ ಕುಳಿತೆ. "ಯಾಕೆ ಸುಳ್ಳು ಹೇಳಿದ್ದು?" ಎಂದು ಕೇಳಿದೆ. "ಅಪ್ಪನ ಎದುರು ಅವರ ಮರ್ಯಾದೆ ಹೋಗುದು ಬೇಡ ಹೇಳಿ," ಎಂದಳು. ಅವಳ ಮರ್ಯಾದೆಯ ಬಗ್ಗೆ ಆ ಜಗಲಿಯಲ್ಲಿ ಯಾರು ಯೋಚಿಸಿದ್ದರು?

ಮರುದಿನ ಬೆಳಿಗ್ಗೆ ಪುತ್ತೂರಿನ ಬಸ್ಸಿಗೆ ಭಾವ ತಯಾರಾದರು. "ಮೆಲ್ಲ ನಡೆದ್ರೆ ಆಯ್ತು, ಹೊರಡು," ಎಂದು ಅಕ್ಕನನ್ನು ಕರೆದರು. ನಾನು ಹೊಸ್ತಿಲಿಗೆ ಅಡ್ಡ ನಿಂತೆ. ಅಪ್ಪ ನನ್ನನ್ನು ಗದರಿಸುವ ಮೊದಲೇ ಒಳಗಿನಿಂದ ಅಕ್ಕನ ದನಿ ಕೇಳಿತು.

"ನನಗೆ ಕಾಲು ಊರ್ಲಿಕ್ಕೆ ಆಗುದಿಲ್ಲ. ನಾನು ಬರುದಿಲ್ಲ. ನೀವು ಹೋಗಿ."

ಭಾವ ಒಂದು ಗಳಿಗೆ ನಿಂತರು. ಒಳಗೆ ಬಂದು ಅವಳ ಕಾಲು ನೋಡುತ್ತಾರೇನೋ ಎಂದುಕೊಂಡೆ. ಚೀಲ ಎತ್ತಿಕೊಂಡು ಹೊರಟೇ ಹೋದರು. ಅಕ್ಕ ದೀಪಾವಳಿ ಕಳೆಯುವವರೆಗೂ ನಮ್ಮಲ್ಲೇ ಉಳಿದಳು. ಅಷ್ಟು ದಿನವೂ ಅಪ್ಪ ನನ್ನೊಂದಿಗೆ ಮಾತು ಬಿಟ್ಟಿದ್ದರು. ನಾನೂ ಬಿಟ್ಟಿದ್ದೆ.