ಕೆಮ್ಮು ಬಾರದ ಎರಡು ಚಳಿಗಾಲ

ಜತ್ತ ತಾಲೂಕಿನ ದರಿಬಡಚಿಯಲ್ಲಿ ಬಟ್ಟೆ ಹೊಲಿಯುತ್ತಿದ್ದ ನೀಲವ್ವ ಹೋದ ಶ್ರಾವಣದಲ್ಲಿ ಫ್ಲೂ ಜ್ವರದಿಂದ ಸತ್ತಳು.

ಅವಳ ಎದೆ ಮೊದಲಿನಿಂದಲೂ ಸೂಕ್ಷ್ಮ. ಪ್ರತಿ ಚಳಿಗಾಲದಲ್ಲೂ ನೆಗಡಿಯಿಂದ ಶುರುವಾಗಿ ತಿಂಗಳುಗಟ್ಟಲೆ ಉಬ್ಬಸ. ಕೊರೊನಾ ಬಂದಾಗ ರವಿಕೆಯ ಚೂರುಗಳಲ್ಲಿ ಊರಿಗೆಲ್ಲ ಮಾಸ್ಕ್ ಹೊಲಿದಳು, ತಾನೂ ಕಟ್ಟಿಕೊಂಡಳು. ಆ ಎರಡು ಚಳಿಗಾಲ ಅವಳು ಕೆಮ್ಮಲೇ ಇಲ್ಲ.

“ನನ್ನ ದಮ್ಮು ಕೊರೊನಾದ ಕೂಡ ಹೋತು ನೋಡ,” ಎಂದು ಗೆಳತಿ ದಾಕ್ಷಾಯಣಿಯ ಮುಂದೆ ಹಿಗ್ಗಿದಳು.

“ಮತ್ತ ಎತ್ತಿನಂಗ ಇನ್ನೂ ಮೂತಿ ಯಾಕ ಕಟ್ಟೀದಿ? ತಗೀ ಮಾರಾಯ್ತಿ,” ಎಂದು ದಾಕ್ಷಾಯಣಿ ನಕ್ಕಳು.

ನೀಲವ್ವ ತೆಗೆದಳು. ಮನೆಯಲ್ಲಿ ಉಳಿದ ಮಾಸ್ಕ್‌ಗಳನ್ನೆಲ್ಲ ಬಿಚ್ಚಿ ಗೆಳತಿಯ ಮೊಮ್ಮಗಳಿಗೆ ಕೌದಿ ಹೊಲಿದಳು.

ಬಾಯಿ ಮುಚ್ಚಿ, ಸಂತೆ ಮುಚ್ಚಿ ಕೂತದ್ದಕ್ಕೇ ನೆಗಡಿ, ಫ್ಲೂಗಳಿಗೂ ದಾರಿ ಸಿಕ್ಕಿರಲಿಲ್ಲ, ಈಗ ಅವೆಲ್ಲ ತಿರುಗಿ ಬಂದಿವೆ ಎಂದು ಜತ್ತದ ಡಾಕ್ಟರು ವಿವರಿಸಿದಾಗ, ಜ್ವರ ಹಿಡಿದ ನೀಲವ್ವನಿಗೆ ಉಸಿರು ಸಿಗುತ್ತಿರಲಿಲ್ಲ. ದಾಕ್ಷಾಯಣಿ ನೆಲ ನೋಡುತ್ತ ನಿಂತಳು. ಡಾಕ್ಟರು ಸಾಂಗ್ಲಿಯ ದೊಡ್ಡಾಸ್ಪತ್ರೆಗೆ ಒಯ್ಯಿರಿ ಎಂದರು.

ಜೀಪಿನಲ್ಲಿ ದಾಕ್ಷಾಯಣಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತ ಬಾಗಿದಳು. ಮಾತಾಡಲಾರದ ನೀಲವ್ವ, ತನ್ನ ಜಡ್ಡು ಗೆಳತಿಗೆ ಅಂಟಬಾರದೆಂದು, ದಾಕ್ಷಾಯಣಿಯ ಸೆರಗನ್ನೇ ಎಳೆದು ಅವಳ ಬಾಯಿ ಮುಚ್ಚಿದಳು.