ಬೆಸ ಸಾಲಿನ ತೆನೆ

ಮೊನ್ನೆ ಹರಪನಹಳ್ಳಿ ಬಸ್ ನಿಲ್ದಾಣದಲ್ಲಿ ಕೆಂಡದ ಮೇಲೆ ಮೆಕ್ಕೆಜೋಳ ಸುಡುವ ವಾಸನೆ ಬಂತು. ಒಂದು ತೆನೆ ಕೊಂಡೆ. ಬಾಯಿಗಿಡುವ ಮೊದಲೇ ನನ್ನ ಬೆರಳು ಅದರ ಸಾಲುಗಳನ್ನು ಎಣಿಸತೊಡಗಿತ್ತು. ಮಾರುವಾಕೆ ನಕ್ಕಳು.

"ಹುಳ ಇಲ್ಲ ತಗೋರಿ ಅಕ್ಕಾರ, ಈಗರ ಹೊಲದಿಂದ ಬಂದಾವು."

ಹದಿನಾಲ್ಕು ಸಾಲು. ಸರಿಸಂಖ್ಯೆ. ಇರಲೇಬೇಕಲ್ಲ...

ನಾನು ಕಾನ್ವೆಂಟಿಗೆ ಹೋಗುತ್ತಿದ್ದ ಎಂಬತ್ತರ ದಶಕದ ಮಾತು. ಪಕ್ಕದ ಮನೆಯಾಕೆಯನ್ನು ಅತ್ತೆ, ಅವರ ಗಂಡನನ್ನು ಮಾವ ಎನ್ನುತ್ತಿದ್ದೆ, ನೆಂಟಸ್ತಿಕೆಯೇನೂ ಇರಲಿಲ್ಲ. ಸುಗ್ಗಿಯಲ್ಲಿ ಅವರ ಅಂಗಳದ ತುಂಬ ತೆನೆಗಳ ರಾಶಿ. ಶಾಲೆ ಬಿಟ್ಟವಳೇ ನಾನೂ ಕಾಳು ಬಿಡಿಸಲು ಕೂರುತ್ತಿದ್ದೆ.

ಆ ವರ್ಷ ಹಂಪಸಾಗರದಲ್ಲಿ ಅತ್ತೆಯ ತಾಯಿ ಹಾಸಿಗೆ ಹಿಡಿದಿದ್ದರು. "ಅವ್ವನ್ನ ನೋಡ್ಕೊಂಡು ಬರ್ತೀನ್ರಿ," ಎಂದು ಅತ್ತೆ ಕೇಳಿದಾಗ ಮಾವ ರಾಶಿಯತ್ತ ಕೈ ತೋರಿಸಿ ತಮಾಷೆ ಮಾಡಿದರು.

"ಇದರಾಗ ಬೆಸ ಸಾಲಿಂದು ಒಂದು ತೆನಿ ತೋರ್ಸು. ಮರುದಿನಾನ ಬಸ್ಸು ಹತ್ತಸ್ತೀನಿ."

ಅದೇನು ಮಹಾ ಎಂದುಕೊಂಡೆವು. ಸುತ್ತಿ ಎಣಿಸುವಾಗ ಶುರುಮಾಡಿದ ಜಾಗ ತಪ್ಪದಂತೆ ಅತ್ತೆ ಮೊದಲ ಸಾಲಿಗೆ ಕುಂಕುಮದ ಬೊಟ್ಟಿಡುತ್ತಿದ್ದರು. ಹನ್ನೆರಡು. ಹದಿನಾರು. ಮತ್ತೆ ಹದಿನಾಲ್ಕು. ದಪ್ಪನೆಯದು, ಸೊಟ್ಟಗಿನದು, ಅರ್ಧ ಕಾಳು ಕಟ್ಟದ ಬಡಕಲು ತೆನೆ ಕೂಡ ಸರಿಯೇ! ನನಗೆ ಮೈ ಜುಮ್ಮೆಂದಿತು. ಎರಡರ ಮಗ್ಗಿ ಪುಸ್ತಕದೊಳಗೆ ಮಾತ್ರ ಇರುತ್ತದೆಂದು ತಿಳಿದಿದ್ದೆ; ಅದು ಸಿಪ್ಪೆಯೊಳಗೆ, ಯಾರಿಗೂ ಕಾಣದಂತೆ, ಹೊಲದ ತುಂಬ ಬೆಳೆದು ನಿಂತಿತ್ತು.

ಅತ್ತೆಯೂ ಕೈಯಲ್ಲಿದ್ದ ತೆನೆಯನ್ನು ತಿರುಗಿಸುತ್ತ ಮೈಮರೆತಿದ್ದರು. "ಒಂಟಿ ಅನ್ನೋದ ಇಲ್ಲ ನೋಡಲೇ ಹುಡುಗಿ. ಎಲ್ಲಾ ಸಾಲಿಗೂ ಒಂದು ಜೋಡಿ ಐತಿ..." ಎಂದವರ ಕಣ್ಣು ತುಂಬಿತು. ಹಾಗಾದರೆ ಹಂಪಸಾಗರ?

ಕಾಳು ಬಿಡಿಸುವವರು ಮೊದಲು ದಬ್ಬಣದಿಂದ ಒಂದು ಸಾಲು ಕಿತ್ತು ದಾರಿ ಮಾಡಿಕೊಳ್ಳುತ್ತಾರೆ. ಆಮೇಲೆ ಉಳಿದ ಕಾಳು ಹೆಬ್ಬೆರಳಿಗೇ ಉದುರುತ್ತದೆ. ಅತ್ತೆ ಆ ಒಂದು ಸಾಲನ್ನಷ್ಟೇ ಕಿತ್ತರು. ಕಣ್ಣೊರೆಸಿಕೊಂಡು, ತೆನೆಯನ್ನು ಮಾವನ ಮುಂದೆ ಹಿಡಿದರು.

"ಎಣಸ್ರಿ."

ಮಾವ ಎಣಿಸಿದರು. ಹದಿಮೂರು. ನಡುವಿನ ಖಾಲಿ ಗೆರೆಯ ಮೇಲೆ ಬೆರಳಾಡಿಸಿ, "ಈ ಸಾಲು ಎಲ್ಲಿ ಹೋತು?" ಎಂದರು.

"ತವರಿಗೆ ಹೋಗೈತ್ರಿ. ನಾನೂ ಅದರ ಹಿಂದ ಹೊಂಟೀನಿ."

ಮಾವ ನಗು ತಡೆಯಲಾರದೆ ಹೆಗಲ ಟವೆಲಿನಿಂದ ಬಾಯಿ ಮುಚ್ಚಿಕೊಂಡರು. ಮರುದಿನ ತಾವೇ ಬಸ್ಸು ಹತ್ತಿಸಿ ಬಂದರು.

ಅತ್ತೆ ತಾಯಿಯ ಕೈಯಿಂದ ತಲೆ ಬಾಚಿಸಿಕೊಂಡು ಮರಳಿದರು. ರಾಶಿ ಕರಗುವ ಮೊದಲೇ ಆ ತಾಯಿ ತೀರಿಕೊಂಡರು. ಅತ್ತೆ ಎಷ್ಟೋ ದಿನ ಆ ಜಡೆಯನ್ನು ಬಿಚ್ಚಲಿಲ್ಲ...

ಈಗ ಅತ್ತೆಯೂ ಇಲ್ಲ. ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ತೆನೆಯ ಒಂದು ಸಾಲನ್ನಷ್ಟೇ ನಿಧಾನವಾಗಿ ಬಿಡಿಸಿ ತಿಂದೆ. ಉಳಿದದ್ದು ಆರುವವರೆಗೂ ಕೈಯಲ್ಲೇ ಇತ್ತು. ಆ ಖಾಲಿ ಗೆರೆಯ ಎರಡೂ ಕಡೆ ಕಾಳುಗಳು ಮೊದಲಿನಂತೆಯೇ ಸಾಲಾಗಿ ನಿಂತಿದ್ದವು.